ಆರನೆಯ ಹಗ್ಗ

"ಒಂದನೇ ನಂಬರ್ ತಲೆ ಕಡೆ, ಎರಡು ಕಾಲ ಕಡೆ..." ಚರ್ಚಿನ ಮೆಟ್ಟಿಲ ಮೇಲೆ ನಿಂತು ವಾಲ್ಟರ್ ಚೀಟಿ ಹಂಚುತ್ತಿದ್ದ. ತೀರಿಕೊಂಡ ಅವನ ಸೋದರತ್ತೆ ಐಸಾಳ ಶವಪೆಟ್ಟಿಗೆಯನ್ನು ಗುಂಡಿಗಿಳಿಸಲು ಎಂಟು ಹಗ್ಗ, ಎಂಟು ಚೀಟಿ, ಎಂಟು ಗಂಡಸರು.

ಮುದುಕಿ ನೆಟ್ಟಾ ಕೈಚಾಚಿದಳು. "ನನಗೂ ಒಂದು ಕೊಡೋ."

"ನೆಟ್ಟಾ ಆಂಟಿ, ನಮ್ಮನೇಲಿ ಹೆಂಗಸರು ಹಗ್ಗ ಹಿಡಿದದ್ದಿಲ್ಲ. ನೀವು ಹಾಲ್‌ಗೆ ಹೋಗಿ ಚಹಾ ನೋಡ್ಕೊಳ್ಳಿ."

"ನಲವತ್ತು ವರ್ಷ ಒಂದೇ ಮಿಲ್ಲಲ್ಲಿ ದುಡಿದೋರು ಕಣೋ ನಾನೂ ಐಸಾನೂ. ನಿನ್ನ ಮೂರನೇ ನಂಬರ್ ನೆಂಟ ಅವಳನ್ನ ನೋಡಿದ್ದೇ ಎರಡು ಸಲ. ಎರಡು ಸಲಾನೂ ಕುಡಿದಿದ್ದ."

"ಆದ್ರೂ ನೆಂಟ, ಆಂಟಿ."

ನೆಂಟರು ಸಾಲದೆ ಕೊನೆಗುಳಿದ ಆರನೆಯ ಚೀಟಿ ಮಿಲ್ಲಿನ ಹಳೆಯ ಮೇಸ್ತ್ರಿ ಎಲಿಯಟ್‌ನ ಪಾಲಾಯಿತು.

\*

ಆ ಕಾಲದಲ್ಲಿ ಮಿಲ್ಲಿನ ನೇಯ್ಗೆ ಷೆಡ್ಡಿನೊಳಗೆ ದನಿ ಎಂಬುದು ಬಾಗಿಲಾಚೆಯೇ ಉಳಿಯುತ್ತಿತ್ತು. ನೂರು ಮಗ್ಗಗಳ ಆರ್ಭಟದಲ್ಲಿ ಹೆಂಗಸರು ತುಟಿಯಲ್ಲೇ ಮಾತಾಡುತ್ತಿದ್ದರು. ಒಂದು ದಿನ ನೆಟ್ಟಾಳ ಕೂಸಿಗೆ ಜ್ವರ. ನಿದ್ದೆಗೆಟ್ಟ ಕಣ್ಣಲ್ಲಿ ನೀಲಿಯ ಜಾಗಕ್ಕೆ ಹಸಿರು ಎಳೆ ಕಟ್ಟಿಬಿಟ್ಟಿದ್ದಳು. ಇಡೀ ಥಾನು ಬಟ್ಟೆ ಹಾಳಾಗಿತ್ತು.

ಮೇಸ್ತ್ರಿ ಎಲಿಯಟ್ ಬಂದು ನಿಂತ. ನೆಟ್ಟಾ ಬಾಯಿ ತೆರೆಯುವ ಮೊದಲೇ ಪಕ್ಕದ ಮಗ್ಗದ ಐಸಾ ಮುಂದೆ ಬಂದಳು: ಊಟದ ಹೊತ್ತಲ್ಲಿ ಈ ಮಗ್ಗ ನೋಡಿಕೊಂಡದ್ದು ನಾನು, ಎಳೆ ಕಟ್ಟಿದ್ದೂ ನಾನೇ. ಅವನು ಬೆನ್ನು ತಿರುಗಿಸಿದ ಮೇಲೆ ಅವಳ ತುಟಿ ಅಲುಗಿತು: ಸುಮ್ನಿರು, ಗಂಡ ಸತ್ತೋಳು ನೀನು.

ಮರುದಿನದಿಂದ ಐಸಾ ಕೆಳಗಿನ ಕೋಣೆಯಲ್ಲಿ ಕಡಿಮೆ ಕೂಲಿಗೆ ಸೂಜಿ ಹಿಡಿದು, ಬೇರೆಯವರು ನೇಯ್ದ ಬಟ್ಟೆಯ ತಪ್ಪು ತಿದ್ದಿದಳು. ಇಪ್ಪತ್ತೆರಡು ವರ್ಷ. ಮಿಲ್ಲು ಮುಚ್ಚುವವರೆಗೂ ಅವಳಿಗೆ ಮತ್ತೆ ಮಗ್ಗ ಸಿಗಲಿಲ್ಲ.

\*

ಸ್ಮಶಾನ ಗುಡ್ಡದ ಮೇಲೆ. ಅರ್ಧ ಏರಿದ ಎಲಿಯಟ್ ಕಲ್ಲುಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದ. ನೆಟ್ಟಾ ಪಕ್ಕದಲ್ಲಿ ನಿಂತಳು.

"ಎಲಿಯಟ್, ಆ ಹಸಿರು ಎಳೆ ಕಟ್ಟಿದ್ದು ನಾನು."

"ಗೊತ್ತಿತ್ತು."

"ಗೊತ್ತಿತ್ತಾ?"

"ಐಸಾಳ ಗಂಟು ನನಗೆ ಗೊತ್ತಾಗಲ್ವೇನೆ? ಸಾಸಿವೆಯಷ್ಟು ಇರ್ತಿತ್ತು. ಆ ಹಸಿರು ಎಳೇಲಿದ್ದದ್ದು ನಿನ್ನ ಗಂಟು. ಯಾರನ್ನಾದ್ರೂ ಕೆಳಗೆ ಕಳಿಸ್ಬೇಕಿತ್ತು. ಅವಳು 'ನಾನೇ' ಅಂದಳು, ನಾನು ಹೂಂ ಅಂದೆ."

"ಇಷ್ಟು ವರ್ಷ ಬಾಯಿ ಬಿಡದೆ ಕೂತ್ಯಲ್ಲೋ, ಪಾಪಿ!"

"ನೀನೂ ಕೂತೆ."

ಅವನು ಕೋಟಿನ ಜೇಬಿನಿಂದ ಚೀಟಿ ತೆಗೆದು ಅವಳ ಅಂಗೈಯಲ್ಲಿಟ್ಟ.

"ಹೋಗು. ನನಗೆ ಮಂಡಿ ನೋವು ಅಂತ ಹೇಳು."

\*

ಗುಂಡಿಯ ಬಳಿ ವಾಲ್ಟರ್ "ಆರು," ಎಂದು ಕೂಗಿದಾಗ ನೆಟ್ಟಾ ಚೀಟಿ ಹಿಡಿದು ಮುಂದೆ ಬಂದಳು. ಏನೋ ಹೇಳಹೋದ ಅವನು ಅವಳ ಮುಖ ನೋಡಿ ತನ್ನ ಬೂಟು ನೋಡಿಕೊಂಡ.

ಪೆಟ್ಟಿಗೆ ಮೆಲ್ಲಗೆ ಇಳಿದು ತಳ ಮುಟ್ಟಿತು. ಏಳು ಹಗ್ಗಗಳು ಒಂದರ ಹಿಂದೊಂದು ಮುಚ್ಚಳದ ಮೇಲೆ ಬಿದ್ದವು. ನೆಟ್ಟಾ ತನ್ನದನ್ನು ಬಿಡಲಿಲ್ಲ. ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ನಿಂತೇ ಇದ್ದಳು. ಗಂಡಸರು ಟೋಪಿ ಕೈಯಲ್ಲಿ ಹಿಡಿದು, ಸೋನೆಮಳೆಯಲ್ಲಿ ತೋಯುತ್ತ, ಅವಳಿಗಾಗಿ ಕಾದರು.