ಎಡಗೆನ್ನೆ

‘ಅಲ್ಲಾಡಬೇಡ,’ ಎಂದ ಆಮೆ.

ಅವನು ಅಲ್ಲಾಡಿರಲಿಲ್ಲ. ಉಸಿರು ಬಿಟ್ಟಿದ್ದ, ಅಷ್ಟೆ. ಆದರೂ ಬೈಸಿಕೊಂಡದ್ದು ಹಿತವೆನಿಸಿತು. ತನ್ನ ಉಸಿರನ್ನು ಗಮನಿಸುವವರು ಇನ್ಯಾರಿದ್ದಾರೆ?

ಆಮೆ ಅವನ ಜೊತೆಗೇ ಓದಿದ ಚಿತ್ರಕಾರ. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯುವವ, ಅದೂ ಆಮೆಗತಿಯಲ್ಲಿ. ಆ ಹೆಸರು ಬಂದದ್ದು ಹಾಗೆ. ಇವನೋ, ಕಲಾಶಾಲೆಯ ಮೇಷ್ಟ್ರು. ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿ ನೋಡಿ ಬರೆದು ಹೆಸರು ಮಾಡಿದವ. ಈ ಚಳಿಗಾಲವೆಲ್ಲ ಬೆಳಿಗ್ಗೆ ಬಂದು, ತನ್ನ ಚಿತ್ರ ಬರೆಸಿಕೊಳ್ಳಲು ಆಮೆಯ ಎದುರು ಕೂತಿದ್ದ. ತರಗತಿಯಲ್ಲಿ ಹುಡುಗರು ಅವನು ಬೆರಳು ತೋರಿಸಿದ ಕಡೆ ನೋಡುತ್ತಾರೆ. ಮನೆಯಲ್ಲಿ ಹೆಂಡತಿ ಅವನ ತಟ್ಟೆ ನೋಡುತ್ತಾಳೆ. ಆಮೆಯೊಬ್ಬನೇ ಅವನನ್ನು ನೋಡುತ್ತಿದ್ದ. ಅದಕ್ಕೆ ಅವನಿಗೆ ಹೇಳತೀರದ ಕೃತಜ್ಞತೆ. ಹೇಳದೆ, ಸಿಗರೇಟು ತಂದುಕೊಡುತ್ತಿದ್ದ.

‘ಮುಗೀತು,’ ಎಂದ ಆಮೆ.

ನಾಳೆಯಿಂದ ಎಲ್ಲಿ ಹೋಗಿ ಕೂರುವುದು? ಎದ್ದು ಬಂದು ಚಿತ್ರದಲ್ಲಿ ತಪ್ಪು ಹುಡುಕತೊಡಗಿದ. ಮೊಸರಲ್ಲಿ ಕಲ್ಲು ಹುಡುಕುವ ಕೆಲಸ. ಕಾಲರಿನ ಕೊಳೆ, ಕಣ್ಣ ಕೆಳಗಿನ ಊತ, ಎಲ್ಲ ಇದ್ದದ್ದು ಇದ್ದ ಹಾಗೆ ಎಣ್ಣೆಬಣ್ಣದಲ್ಲಿ ಕೂತಿದ್ದವು. ಕೊನೆಗೆ ಸಿಕ್ಕಿತು.

‘ಮಚ್ಚೆ ಆ ಕಡೆ ಹಾಕಿದೀಯ. ಇನ್ನೊಂದು ದಿನ ಕೂರ್ತೀನಿ, ಸರಿ ಮಾಡು.’

‘ಇರೋ ಕಡೇನೇ ಹಾಕಿದೀನಿ ಕಣೋ. ಎಡಗೆನ್ನೆ ಮುಟ್ಟಿ ನೋಡ್ಕೋ. ಕನ್ನಡೀಲಿ ಕಂಡಿದ್ದೇ ಮುಖ ಅಂದ್ಕೊಂಡಿದೀಯ.’

ಮುಟ್ಟಿಕೊಂಡ. ಕನ್ನಡಿಯಲ್ಲಿ ಎಡಬಲ ಅದಲುಬದಲು ಎಂಬುದು ಹುಡುಗರಿಗೆ ವರ್ಷವರ್ಷವೂ ತಾನೇ ಹೇಳಿಕೊಡುವ ಪಾಠ. ತನ್ನ ಬುಡಕ್ಕೆ ಬಂದಾಗ ಮರೆತಿತ್ತು. ನಾಚಿಕೆಯಾಯಿತು. ಬೆನ್ನಿಗೇ ಸಂತೋಷವೂ ಆಯಿತು. ಊರೆಲ್ಲ ಕಂಡ, ತಾನೊಬ್ಬನೇ ಕಾಣದ ಮನುಷ್ಯನನ್ನು ಈ ಪುಣ್ಯಾತ್ಮ ತೋರಿಸಿಕೊಟ್ಟಿದ್ದಾನೆ.

ಅಷ್ಟರಲ್ಲಿ ಚಿತ್ರ ನೋಡಲು ಹೆಂಡತಿ ಬಂದಳು. ಅವನನ್ನು ದಾಟಿ ಹೋಗಿ ಚಿತ್ರದ ಮುಂದೆ ನಿಂತಳು.

‘ಇವರೇ,’ ಎಂದಳು. ‘ಅಯ್ಯೋ ಪಾಪ, ಎಷ್ಟು ಸೊರಗಿದಾರೆ.’

‘ನಿನ್ನೇನೂ ಹೀಗೇ ಇದ್ದೆ,’ ಎಂದ ಅವನು.

‘ಏನು?’

‘ಏನಿಲ್ಲ.’

ಅವಳು ಕೈಚಾಚಿ ಚಿತ್ರದ ಕೆನ್ನೆ ಸವರಿದಳು. ‘ಹಸಿ ಇದೆಯಮ್ಮ,’ ಎಂದು ಆಮೆ ಹೇಳುವಷ್ಟರಲ್ಲಿ ಮಚ್ಚೆ ಅಳಿಸಿ ಬಣ್ಣ ಅವಳ ಬೆರಳಿಗೆ ಬಂದಿತ್ತು. ಅವಳು ಪೆಚ್ಚಾದಳು.

ಅವನಿಗೆ ಮಾತ್ರ ಕುಣಿಯುವಂತಾಯಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ‘ಪರವಾಗಿಲ್ಲ ಬಿಡು, ನಾನು ಕೂರ್ತೀನಲ್ಲ,’ ಎಂದವನೇ ಕುರ್ಚಿಗೆ ಹೋಗಿ ಎಡಗೆನ್ನೆಯನ್ನು ಕಿಟಕಿಯ ಬೆಳಕಿಗೆ ಕೊಟ್ಟ.

ಆಮೆ ಕುಂಚ ಎತ್ತಿಕೊಂಡ. ಅವಳು ಪಕ್ಕದಲ್ಲಿ ಬಗ್ಗಿ ನಿಂತಳು. ಬಾಯಿಪಾಠ ಬಂದವನ ಹಾಗೆ, ಒಮ್ಮೆಯೂ ಕುರ್ಚಿಯ ಕಡೆ ತಲೆಯೆತ್ತದೆ, ಆಮೆ ಕೆನ್ನೆ ತೀಡಿ ಮಚ್ಚೆಯಿಟ್ಟ.

‘ಸರಿಯಾಯ್ತಾ?’ ಎಂದು ಅವಳನ್ನು ಕೇಳಿದ.

‘ಹೂಂ. ಈಗ ಇವರೇ,’ ಎಂದಳು.

ಕುರ್ಚಿಯಲ್ಲಿದ್ದವನು ಕೆನ್ನೆಯನ್ನು ಬೆಳಕಿಗೆ ಇನ್ನೊಂದಿಷ್ಟು ತಿರುಗಿಸಿದ.