ಸಾರಿನಲ್ಲಿ ಕರಗಿದ ಮಾತ್ರೆ

ಸುನಂದಮ್ಮ ಒಲೆಯ ಮುಂದೆ ಕೂತು, ಚಮಚದ ಬೆನ್ನಿನಿಂದ ಒತ್ತಿ ಮಾತ್ರೆಯೊಂದನ್ನು ಪುಡಿ ಮಾಡಿದಳು. ಗಂಡನ ತಟ್ಟೆಗೆ ಮುದ್ದೆ ಇಟ್ಟು, ಹುರುಳಿ ಸಾರು ಬಿಟ್ಟು, ಪುಡಿಯನ್ನು ಅದರಲ್ಲಿ ಕಲಸಿದಳು. ಹುರುಳಿ ಸಾರಿನ ಖಾರದ ಮುಂದೆ ಯಾವ ಕಹಿಯೂ ನಾಲಿಗೆಗೆ ಸಿಗುವುದಿಲ್ಲವೆಂದು ಮೂರು ತಿಂಗಳಲ್ಲಿ ಅವಳು ಚೆನ್ನಾಗಿ ಕಂಡುಕೊಂಡಿದ್ದಳು. ಹೊರಗೆ ಚಲುವಯ್ಯ ಕೈ ತೊಳೆಯುತ್ತ, ಹೊಗೆಸೊಪ್ಪು ಮುರಿಯಲು ಇವತ್ತೂ ಆಳು ಸಾಲದೆಂದು ಗೊಣಗುತ್ತಿದ್ದ.

ಮಾತ್ರೆ ಅವನದಲ್ಲ, ಅವಳದು. ಬೇಸಿಗೆಯಲ್ಲಿ ಮೈಸೂರಿನ ವೈದ್ಯರ ತಂಡವೊಂದು ಪಿರಿಯಾಪಟ್ಟಣದಲ್ಲಿ ಹೃದಯದ ಶಿಬಿರ ಮಾಡಿತ್ತು. ಹಳ್ಳಿಯವರ ಹೃದ್ರೋಗವನ್ನು ಆಘಾತಕ್ಕೆ ಮೊದಲೇ ಪತ್ತೆ ಹಚ್ಚಿ, ಮನೆಬಾಗಿಲಿಗೇ ಮಾತ್ರೆ ಮುಟ್ಟಿಸಿದರೆ ಎಷ್ಟು ಜೀವ ಉಳಿಯುತ್ತದೆಂದು ನೋಡುವ ಸಂಶೋಧನೆ ಅದು. ಸುನಂದಮ್ಮನ ಬಿಪಿ ಹೆಚ್ಚಿತ್ತು, ಇಸಿಜಿಯಲ್ಲಿ ಸ್ವಲ್ಪ ವ್ಯತ್ಯಾಸವಿತ್ತು. ವೈದ್ಯರು ಎಲ್ಲವನ್ನೂ ಬಿಡಿಸಿ ಹೇಳಿ, ಸಹಿ ಹಾಕಿಸಿಕೊಂಡು, ಒಂದು ವರ್ಷದ ಮಟ್ಟಿಗೆ ಅವಳನ್ನು ಸೇರಿಸಿಕೊಂಡರು.

ಜೊತೆಗೆ ಹೋಗಿದ್ದ ಚಲುವಯ್ಯ ಮಾತ್ರ ಹುಣಸೆ ಮರದ ಕೆಳಗೆ ಬೀಡಿ ಸೇದುತ್ತ ನಿಂತವನು ಒಳಗೆ ಕಾಲಿಡಲಿಲ್ಲ.

"ನೋಡುದ್ರೆ ತಾನೆ ಕಾಯಿಲೆ?" ಎಂದಿದ್ದ. "ನಮ್ಮಣ್ಣ ಚೆನ್ನಾಗೇ ಇದ್ದ ಕಣೆ. ಎದೆಗೆ ಆ ವೈರು ಈ ವೈರು ಅಂಟ್ಸಿ ನೋಡುದ್ರು, ಎಂಟು ದಿನುಕ್ಕೆ ಓಗ್ಬುಟ್ಟ. ನಂಗೇನೂ ಬ್ಯಾಡ ಬುಡು."

ಅವನ ಮಾತನ್ನು ತೀರಾ ತಳ್ಳಿಹಾಕುವಂತೆಯೂ ಇರಲಿಲ್ಲ, ಅಣ್ಣ ಸತ್ತದ್ದು ನಿಜ. ಶಿಬಿರವಾಗಿ ಹದಿನೈದು ದಿನಕ್ಕೆ ಚಲುವಯ್ಯನೇ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತುಬಿಟ್ಟ. ಕಾಲು ಗಂಟೆಯಲ್ಲಿ ಎದ್ದು ಕೆಲಸಕ್ಕೂ ಹೋದ. ಆದರೆ ಸುನಂದಮ್ಮನ ಜೀವ ಅಂದಿನಿಂದ ಕೈಯಲ್ಲೇ ಇತ್ತು. ಆಸ್ಪತ್ರೆಗೆ ನಡೆಯಿರಿ ಎಂದರೆ ಉರಿದು ಬೀಳುತ್ತಿದ್ದ. ಕೊನೆಗೆ ಅವಳಿಗೆ ತನ್ನ ಮಾತ್ರೆಯ ಡಬ್ಬಿ ಕಣ್ಣಿಗೆ ಬಿತ್ತು. ಇಬ್ಬರದೂ ಎದೆಯ ಕಾಯಿಲೆ ತಾನೆ, ಮದ್ದು ಬೇರೆ ಯಾಕಿದ್ದೀತು ಎಂದುಕೊಂಡಳು. ಮದುವೆಯಾಗಿ ಮೂವತ್ತು ವರ್ಷವೂ ಮೊದಲ ಸೌಟು ಅವನಿಗೆ ಬಡಿಸಿ, ತಳದಲ್ಲಿ ಉಳಿದದ್ದನ್ನು ತಾನು ಉಂಡವಳು. ಮಾತ್ರೆಯೂ ಅದೇ ದಾರಿ ಹಿಡಿಯಿತು. ಇದನ್ನು ಯಾರಾದರೂ ತ್ಯಾಗ ಎಂದು ಹೊಗಳಿದ್ದರೆ ಅವಳಿಗೆ ನಗು ಬರುತ್ತಿತ್ತು.

ಹುಣಸೂರಿನಿಂದ ನರ್ಸ್ ಶಹನಾಜ್ ತಿಂಗಳಿಗೊಮ್ಮೆ ಸ್ಕೂಟರಿನಲ್ಲಿ ಬರುತ್ತಿದ್ದಳು. ಬಿಪಿ ನೋಡಿ, ಮಾತ್ರೆಯ ಖಾಲಿ ಪಟ್ಟಿಗಳನ್ನು ಎಣಿಸಿ, ಒಂದು ದಿನವೂ ತಪ್ಪಿಸದ ನಿಮ್ಮಂಥವರು ಸಿಗುವುದು ಅಪರೂಪವೆಂದು ಮೆಚ್ಚಿಕೊಳ್ಳುತ್ತಿದ್ದಳು. ಎದೆನೋವು ಇದೆಯೇ ಎಂದು ಪ್ರತಿಸಲವೂ ಕೇಳುವಳು. ಸುನಂದಮ್ಮ ಪ್ರತಿಸಲವೂ ಇಲ್ಲವೆನ್ನುವಳು. ಕೊಡ ಹೊತ್ತು ಬರುವಾಗ ದಾರಿಯಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಳ್ಳುವುದನ್ನು ಅವಳು ಹೊಗೆಸೊಪ್ಪಿನ ಘಾಟಿನ ಲೆಕ್ಕಕ್ಕೆ ಬರೆದುಬಿಟ್ಟಿದ್ದಳು.

ಬಿಪಿ ಮಾತ್ರ ಇಳಿಯಲಿಲ್ಲ. ಮೂರನೇ ತಿಂಗಳು ಶಹನಾಜ್ ವೈದ್ಯರಿಗೆ ಫೋನ್ ಮಾಡಿ ಮಾತನಾಡಿ, ಎರಡರಷ್ಟು ಬಲದ ಮಾತ್ರೆ ಕೊಟ್ಟಳು. ಇದು ನಾಡಿಯನ್ನು ನಿಧಾನ ಮಾಡುತ್ತದೆ, ಕಣ್ಣು ಕತ್ತಲೆ ಬಂದರೆ ಕೂಡಲೇ ತಿಳಿಸಿ, ಎತ್ತರದ ಜಾಗ ಹತ್ತಬೇಡಿ ಎಂದು ಎರಡೆರಡು ಸಲ ಹೇಳಿದಳು. ಹೊಗೆಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಎತ್ತರದ ಬ್ಯಾರನ್ನಿನೊಳಗೆ ಮೂರಾಳೆತ್ತರದ ಅಡ್ಡಮರಗಳ ಮೇಲೆ ನಿಂತು ಸೊಪ್ಪು ಕಟ್ಟಿದ ಕಡ್ಡಿ ಜೋಡಿಸುವವನು ಚಲುವಯ್ಯನೇ.

ಆದರೂ ಅವಳು ನಿಲ್ಲಿಸಲಿಲ್ಲ. ಬಿಪಿ ಮಾತ್ರೆ ಒಮ್ಮೆ ಹಿಡಿದರೆ ಬಿಡಬಾರದು, ಬಿಟ್ಟರೆ ಎದೆ ಒಡೆಯುತ್ತದೆ ಎಂದು ಊರಲ್ಲಿ ಎಲ್ಲರ ಬಾಯಲ್ಲೂ ಕೇಳಿದ್ದಳು. ಕೊಟ್ಟರೆ ಒಂದು ಭಯ, ಬಿಟ್ಟರೆ ಇನ್ನೊಂದು. ಯಾರನ್ನು ಕೇಳಿದರೂ ಕಳ್ಳತನ ಹೊರಬೀಳುತ್ತಿತ್ತು. ವಾರದೊಳಗೆ ಚಲುವಯ್ಯ ಹಾಡುಹಗಲೇ ಜಗಲಿಯ ಮೇಲೆ ತೂಕಡಿಸತೊಡಗಿದ. ಅವನ ಅಂಗೈ ತಣ್ಣಗಿರುತ್ತಿತ್ತು. ಕೂತವನು ಎದ್ದರೆ ಗೋಡೆ ಹಿಡಿದು ಒಂದು ಗಳಿಗೆ ನಿಲ್ಲುವನು. ವಯಸ್ಸಾಯಿತು ಎಂದು ಅವನೇ ನಗಾಡುತ್ತಿದ್ದ. ಅವನು ನಕ್ಕಾಗಲೆಲ್ಲ ಸುನಂದಮ್ಮ ಎದ್ದು ಒಲೆಯ ಕಡೆ ಹೋಗುವಳು.

ಹತ್ತನೇ ದಿನ ಬ್ಯಾರನ್ ತುಂಬುವ ಕೆಲಸ. ಚಪ್ಪರದಡಿ ಹೆಂಗಸರು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಪಕ್ಕದ ಹೊಲದ ಕಾಂತರಾಜ್ ಕೆಳಗೆ ನಿಂತು ಕಡ್ಡಿ ಎತ್ತಿಕೊಡುತ್ತಿದ್ದ. ಒಳಗಿನ ಕತ್ತಲಲ್ಲಿ ಚಲುವಯ್ಯ ಎರಡು ಅಡ್ಡಮರಗಳ ಮೇಲೆ ಒಂದೊಂದು ಕಾಲೂರಿ ನಿಂತಿದ್ದ. ಹೊಸ ಮಾತ್ರೆ ಹೇಗೆ ಕೆಲಸ ಮಾಡುತ್ತಿದೆಯೆಂದು ನೋಡಲು ಶಹನಾಜ್ ಅದೇ ಹೊತ್ತಿಗೆ ಬಂದಳು. ಬಿಪಿ ಮೊದಲಿಗಿಂತ ಏರಿತ್ತು. ಅವಳು ಯಂತ್ರವನ್ನು ಕೆಳಗಿಟ್ಟು, ಸುನಂದಮ್ಮನ ಮಣಿಕಟ್ಟನ್ನು ಹಿಡಿದು ಬಹಳ ಹೊತ್ತು ಗಡಿಯಾರ ನೋಡಿದಳು.

"ಅಮ್ಮ, ಈ ಮಾತ್ರೆ ನುಂಗಿದವರ ನಾಡಿ ಹಿಂಗೆ ಓಡಲ್ಲ," ಎಂದಳು ಮೆಲ್ಲಗೆ. "ನಾನು ಯಾರಿಗೂ ಬೈಯಲ್ಲ. ಇದನ್ನ ಯಾರು ತಗೋತಾ ಇದ್ದಾರೆ, ಹೇಳಿ."

ಒಳಗಿನಿಂದ ಕಡ್ಡಿಯೊಂದು ದಬ್ಬನೆ ನೆಲಕ್ಕೆ ಬಿತ್ತು. ಸುನಂದಮ್ಮ ಎದ್ದು ಬ್ಯಾರನ್ನಿನ ಬಾಗಿಲಿಗೆ ಹೋದಳು. ಇಳಿಯಿರಿ ಎಂದು ಕೂಗಿದರೆ, ಇನ್ನೂ ಅರ್ಧ ತುಂಬಬೇಕು, ಸುಮ್ಮನೆ ಹೋಗು ಎಂದು ಮೇಲಿನಿಂದ ಗದರಿದ. ಅವಳ ಹಿಂದೆ ಹತ್ತು ಜನ ಹೆಂಗಸರಿದ್ದರು. ಮಾನ ನೋಡುವ ಹೊತ್ತಾಗಿರಲಿಲ್ಲ.

"ನಿಮ್ಮ ಸಾರ್ಗೆ ನಾನು ದಿನಾ ಮಾತ್ರೆ ಆಕ್ತಿದ್ದೆ ಕಣ್ರೀ. ಅದ್ಕೇ ನಿಮ್ಗೆ ತಲೆ ಸುತ್ತೋದು. ಮರ ಬುಡ್ಬೇಡಿ, ಗಟ್ಟಿಯಾಗಿ ಇಡ್ಕೊಂಡು ಇಳೀರಿ."

ಚಲುವಯ್ಯ ಒಂದೊಂದೇ ಮರ ಇಳಿದ. ಕೊನೆಯ ಮರದಲ್ಲಿ ಮಂಡಿ ಕುಸಿಯಿತು. ಕಾಂತರಾಜ್ ತೋಳಿಗೆ ಕೈ ಕೊಟ್ಟಿರದಿದ್ದರೆ ತಲೆ ಕೆಳಗಿನ ಒಲೆಯ ಕಬ್ಬಿಣದ ಕೊಳವೆಗೆ ಬಡಿಯುತ್ತಿತ್ತು. ಹೊರಗೆ ಕೂರಿಸಿದ ಮೇಲೆ ಅವನು ಹೆಂಡತಿಯನ್ನು ಗುರುತು ಸಿಗದವನಂತೆ ನೋಡಿದ.

"ಮದ್ದಾಕ್ತಿದ್ಯಾ ನಂಗೆ?"

ಗಂಡನಿಗೆ ಮದ್ದು ಹಾಕಿದವಳು ಎಂದರೆ ಈ ಸೀಮೆಯಲ್ಲಿ ಹೆಣ್ಣಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಸುನಂದಮ್ಮ ತಲೆ ತಗ್ಗಿಸಿದಳು. ಶಹನಾಜ್ ಮಾತ್ರ ಮಾತು ಬೆಳೆಯಲು ಬಿಡದೆ ಅವನ ನಾಡಿ ಹಿಡಿದಳು. ನಿಮಿಷಕ್ಕೆ ನಲವತ್ತೆರಡು. ಚೀಲದಲ್ಲಿದ್ದ ಸಣ್ಣ ಯಂತ್ರದಲ್ಲಿ ಅವನ ಇಸಿಜಿ ತೆಗೆದಳು. ಆಮೇಲೆ ಸುನಂದಮ್ಮನನ್ನು ಮನೆಯೊಳಗೆ ಕರೆದೊಯ್ದು ಅವಳದನ್ನೂ ತೆಗೆದು, ಎರಡನ್ನೂ ಫೋನಿನಲ್ಲಿ ಮೈಸೂರಿಗೆ ಕಳಿಸಿದಳು.

ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು. ಚಲುವಯ್ಯನ ಹೃದಯದಲ್ಲಿ ಮಾತ್ರೆಯ ನಿಧಾನ ಬಿಟ್ಟರೆ ಬೇರೆ ದೋಷ ಕಾಣುತ್ತಿಲ್ಲ, ಬದುವಿನ ಮೇಲೆ ಬಂದದ್ದು ಹುಳಿತೇಗಿನ ಉರಿಯೂ ಇದ್ದೀತು, ಆದರೂ ಬಂದು ತೋರಿಸಲಿ ಎಂದರು ಫೋನಿನಲ್ಲಿ ವೈದ್ಯರು. ಹೆಂಡತಿಯ ವಿಷಯ ಹೇಳುವಾಗ ಅವರ ದನಿ ಬದಲಾಯಿತು. ಅವಳನ್ನು ಇವತ್ತೇ, ಈಗಲೇ ಕರೆತರಬೇಕೆಂದರು.

ಶಹನಾಜ್ ಸಂಶೋಧನೆಯ ದಾಖಲೆ ಪುಸ್ತಕ ತೆಗೆದು ಅಷ್ಟೂ ತಿಂಗಳ ಪುಟಗಳ ಮೇಲೆ ನಡೆದದ್ದನ್ನು ನಡೆದ ಹಾಗೆ ಬರೆದಳು.

"ಈ ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಬರ್ಕೊಂಡಿದ್ವಿ," ಎಂದಳು. "ಅದನ್ನ ನಂಬಿ ಇನ್ನೆಷ್ಟು ಜನಕ್ಕೆ ನಿಲ್ಲಿಸ್ತಿದ್ರೋ. ಖಾಲಿ ಪಟ್ಟಿ ಎಣಿಸಿ ಎಣಿಸಿ ಹೊಗಳಿದ್ದು ನಾನೇ. ನೀವು ನುಂಗೋದನ್ನ ಒಂದಿನಾನೂ ನೋಡ್ಲಿಲ್ಲ."

ಮುರಿದ ಸೊಪ್ಪನ್ನು ಅಂದೇ ಬ್ಯಾರನ್ನಿಗೆ ಏರಿಸದಿದ್ದರೆ ಬಾಡಿ ಕಪ್ಪಾಗುತ್ತದೆ. ಇಷ್ಟು ವರ್ಷದಲ್ಲಿ, ಅಣ್ಣ ಸತ್ತ ದಿನವೂ, ಚಲುವಯ್ಯ ಅರ್ಧ ತುಂಬಿದ ಬ್ಯಾರನ್ ಬಿಟ್ಟು ಹೋದವನಲ್ಲ. ಅವನು ಚಪ್ಪರದಡಿಯ ಹಸಿರು ರಾಶಿಯನ್ನೊಮ್ಮೆ ನೋಡಿದ. ಆದಷ್ಟು ತುಂಬು, ಉಳಿದದ್ದು ಕೆಟ್ಟರೆ ಕೆಡಲಿ ಎಂದು ಕಾಂತರಾಜನಿಗೆ ಹೇಳಿ, ಊರಿನ ಕಾರು ಗೊತ್ತುಮಾಡಿಸಿದ. ಹುಣಸೂರು ದಾಟಿ ಮೈಸೂರು ಮುಟ್ಟುವವರೆಗೂ ಚಲುವಯ್ಯ ಕಿಟಕಿಯ ಹೊರಗೇ ನೋಡುತ್ತಿದ್ದ. ಸುನಂದಮ್ಮನ ಹಣೆಯಲ್ಲಿ ಬೆವರು ಒಡೆದಿತ್ತು. ಅವಳು ಸೆರಗಿನಿಂದ ಒರೆಸಿಕೊಳ್ಳುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ವೈದ್ಯರು ಹೊಸ ಇಸಿಜಿಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ, ಇವರಿಗೆ ಎದೆನೋವು ಶುರುವಾಗಿ ಎಷ್ಟು ದಿನವಾಯಿತೆಂದು ಚಲುವಯ್ಯನನ್ನು ಕೇಳಿದರು. ನೋವಾ, ಅವಳಿಗೆಂಥ ನೋವು, ಗುಂಡುಕಲ್ಲಿನ ಹಾಗಿದ್ದಾಳೆ ಎನ್ನಲು ಬಾಯಿ ತೆರೆದವನು ಅರ್ಧಕ್ಕೇ ನಿಂತ. ಅವನಿಗೆ ಗೊತ್ತಿರಲಿಲ್ಲ.

"ಎರಡು ವರ್ಸ ಆಯ್ತು ಸಾ," ಎಂದಳು ಸುನಂದಮ್ಮ. "ನೀರಿನ ಕೊಡ ಒತ್ಕೊಂಡಾಗ ಬತ್ತದೆ. ಎಡಗೈವರ್ಗೂ ಎಳೀತದೆ."

ಮನೆಯಲ್ಲಿ ಯಾರಿಗೂ ಹೇಳಲಿಲ್ಲವೇ ಎಂದು ವೈದ್ಯರು ಕೇಳಿದರು. ಅವಳು ದೂರುವ ದನಿಯಲ್ಲಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು.

"ಮನೇಲಿ ಯಾರೂ ಕೇಳ್ಲಿಲ್ಲ ಸಾ."

ಚಲುವಯ್ಯ ಬೆಂಚಿನಿಂದ ಎದ್ದು ಬಂದು ಅವಳ ಮುಂದೆ ನಿಂತ. ಇಷ್ಟು ವರ್ಷ ಬಾಳಿದ ಹೆಂಡತಿಯನ್ನು ಅವನು ಈ ಮಾತು ಕೇಳಿದ್ದು ಇದೇ ಮೊದಲು.

"ಈಗ ನೋಯ್ತಾ ಅದಾ ಸುನಂದಾ?"

ಇಲ್ಲವೆನ್ನುವುದು ಅವಳ ನಾಲಿಗೆಯ ತುದಿಗೇ ಬಂದಿತ್ತು. ಅವಳು ಗಂಡನ ಮುಖ ನೋಡಿದಳು.

"ಊಂ ಕಣ್ರೀ," ಎಂದಳು. "ಬೆಳಗ್ಗೆಯಿಂದ ನೋಯ್ತಾ ಅದೆ."