ಕಸ್ತೂರವ್ವ ಓದಿದ ಕರಿಹಲಗೆ

ನಾನು ಒಂದು ಕರಿಹಲಗೆ. ಹಲಗೆಯೆಂದು ಮೂಗು ಮುರಿಯಬೇಡಿ. ಮುಂಬಯಿಯಲ್ಲಿ ಹುಟ್ಟಿ, ಮುಂಬಯಿಯಲ್ಲೇ ಮುದುಕನಾಗಿ, ಮೈಮೇಲೆ ಕನ್ನಡವನ್ನೇ ಬರೆಸಿಕೊಂಡು ಬಾಳಿದವನು ನಾನು. ಈ ಊರಿನಲ್ಲಿ ಅಷ್ಟು ಹಟ ಹಿಡಿದು ಬದುಕಿದವರು ಮನುಷ್ಯರಲ್ಲೂ ಹೆಚ್ಚಿಲ್ಲ.

ಬೈಕುಲಾದ ಒಂದು ಮರದ ಅಡ್ಡೆಯಲ್ಲಿ ಇಬ್ರಾಹಿಂ ಮೇಸ್ತ್ರಿ ಎಂಬವರು ನಾಲ್ಕು ಸಾಗುವಾನಿ ಹಲಗೆ ಸೇರಿಸಿ ನನ್ನನ್ನು ಮಾಡಿದರು. ಉಜ್ಜುಗೊರಡು ಹಾಕುವಾಗ ಬಹಳ ನೋವಾಯಿತು. ಆಮೇಲೆ ಕಪ್ಪು ಬಣ್ಣ ಬಳಿದು ಬಿಸಿಲಿಗೆ ಒರಗಿಸಿದರು. ಒಣಗಿದ ಮೇಲೆ ಅವರು ಉಗುರಿನಿಂದ ನನ್ನ ಮೇಲೊಂದು ಗೆರೆ ಎಳೆದು ನೋಡಿ, "ಚೆನ್ನಾಗಿದೆ" ಎನ್ನುವ ಹಾಗೆ ತಲೆಯಾಡಿಸಿದರು. ಹುಟ್ಟಿದ ದಿನ ನನಗೆ ಸಿಕ್ಕ ಹೊಗಳಿಕೆ ಅಷ್ಟೇ.

ಅಲ್ಲಿಂದ ಗಿರಣಿ ಕೆಲಸದವರ ಮಕ್ಕಳು ಕಲಿಯುವ ಒಂದು ಕನ್ನಡ ಶಾಲೆಗೆ ಹೋದೆ. ಜಲಜಾಕ್ಷಿ ಟೀಚರು ನನ್ನ ಒಡತಿ. ಬಿಳಿ ಸೀರೆ, ದಪ್ಪ ಕನ್ನಡಕ, ಸಿಟ್ಟು ಬಂದರೆ ಮಕ್ಕಳಿಗೆ ಹೊಡೆಯದೆ ನನಗೆ ಕುಟ್ಟುವ ಅಭ್ಯಾಸ. ಇಪ್ಪತ್ತೆರಡು ವರ್ಷ ಅವರ ಕುಟ್ಟು ತಿಂದೆ. ಅ ಆ ಇ ಈ ಎಷ್ಟು ಸಲ ಹೊತ್ತೆನೋ ಲೆಕ್ಕವಿಲ್ಲ. ಹೊಸ ಮಗು ಮೊದಲ ಸಲ ತನ್ನ ಹೆಸರನ್ನು ನನ್ನ ಮೇಲೆ ಓದಿದಾಗ ಅದರ ಮುಖ ಅರಳುವುದನ್ನು ಎದುರಿಗೇ ನಿಂತು ನೋಡುವ ಭಾಗ್ಯ ನನ್ನದು. ಟೀಚರಿಗೆ ಬೆನ್ನು ಕಾಣುತ್ತಿತ್ತು, ನನಗೆ ಮುಖ ಕಾಣುತ್ತಿತ್ತು.

ಆಮೇಲೆ ಗಿರಣಿಗಳು ಮುಚ್ಚಿದವು. ಜನ ದೂರದ ಉಪನಗರಗಳಿಗೆ ಚದುರಿದರು. ಉಳಿದವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ತರಗತಿಯಲ್ಲಿ ಒಂಬತ್ತು ಮಕ್ಕಳು ಉಳಿದ ವರ್ಷ ಶಾಲೆಗೆ ಬೀಗ ಬಿತ್ತು. ಗೋಡೆಯಿಂದ ನನ್ನನ್ನು ಬಿಚ್ಚುವಾಗ ಟೀಚರು, "ಗುಜರಿಗೆ ಮಾತ್ರ ಹಾಕಬೇಡಿ" ಎಂದು ಕೇಳಿಕೊಂಡರು. ಅವರ ಮಾತಿಗೆ ಬೆಲೆ ಕೊಟ್ಟು ಯಾರೋ ನನ್ನನ್ನು ಕೈಗಾಡಿಯ ಮೇಲೆ ಯಾತ್ರಿ ನಿವಾಸಕ್ಕೆ ಸಾಗಿಸಿದರು.

ಯಾತ್ರಿ ನಿವಾಸವೆಂದರೆ ಅರಮನೆಯೇನಲ್ಲ. ಕಿರಿದಾದ ಗಲ್ಲಿಯೊಳಗೆ ಮೂರು ಮಹಡಿಯ ಹಳೇ ಕಟ್ಟಡ. ಒಂದೊಂದು ಕೋಣೆಗೆ ಎಂಟು ಮಂಚ. ಕೈಯಲ್ಲಿ ಕಾಸಿಲ್ಲದೆ ಮುಂಬಯಿಗೆ ಬರುವ ಕನ್ನಡದವರಿಗೆಂದು ಯಾರೋ ಪುಣ್ಯಾತ್ಮರು ಕಟ್ಟಿಸಿದ್ದು. ಕೆಲಸ ಹುಡುಕಿ ಬಂದವರು, ಊರು ನೋಡಲು ಬಂದವರು ಇರುತ್ತಿದ್ದರು. ಹೆಚ್ಚಿನವರು ಮಾತ್ರ ಹತ್ತು ನಿಮಿಷದ ನಡಿಗೆಯಲ್ಲಿದ್ದ ದೊಡ್ಡಾಸ್ಪತ್ರೆಗೆ ಬಂದವರು.

ಅಲ್ಲಿಯ ಮ್ಯಾನೇಜರು ದೂಮಣ್ಣ ಕೋಟ್ಯಾನ್. ಕಾಪು ಕಡೆಯವರು, ಐವತ್ತು ದಾಟಿದವರು. ನನ್ನನ್ನು ಬಾಗಿಲ ಪಕ್ಕ ತೂಗುಹಾಕಿ, ದಿನಾ ಬೆಳಿಗ್ಗೆ ಚಹಾ ಕುಡಿದ ಮೇಲೆ ಉಪಾಯಗಳನ್ನು ಬರೆಯುತ್ತಿದ್ದರು. "ಫಾಸ್ಟ್ ಲೋಕಲ್ ಎಲ್ಲಾ ಕಡೆ ನಿಲ್ಲುವುದಿಲ್ಲ, ಸ್ಲೋ ಹತ್ತಿ." "ಇಳಿಯುವ ಸ್ಟೇಷನ್ನಿಗೆ ಒಂದು ಸ್ಟೇಷನ್ ಮುಂಚೆಯೇ ಬಾಗಿಲ ಬಳಿ ಬನ್ನಿ, ಮುಂಬಯಿ ಯಾರಿಗೂ ಕಾಯುವುದಿಲ್ಲ." "ಇಂದು ಭಾನುವಾರ, ಹಳಿ ದುರಸ್ತಿ, ಗಾಡಿ ಕಡಿಮೆ." "ಸಮುದ್ರ ನೋಡಲು ದುಡ್ಡು ಬೇಡ, ಸಂಜೆ ಐದರ ಮೇಲೆ ಹೋಗಿ, ಕಲ್ಲು ತಣ್ಣಗಿರುತ್ತದೆ."

ಶಾಲೆಯ ಗತ್ತಿನಲ್ಲಿ ಬೆಳೆದ ನನಗೆ ಮೊದಮೊದಲು ಇದು ಇಷ್ಟವಾಗಲಿಲ್ಲ. ಮಗ್ಗಿ ಹೊತ್ತ ಮೈಯಲ್ಲಿ ವಡಾಪಾವಿನ ವಿಳಾಸವೇ? ಆದರೆ ಭಾಷೆ ಬಾರದ ಊರಿನಲ್ಲಿ ಬೆಪ್ಪಾಗಿ ನಿಂತ ಮನುಷ್ಯ ನನ್ನ ಮೇಲೆ ತನ್ನ ಅಕ್ಷರ ಕಂಡ ಕೂಡಲೇ ಉಸಿರು ಬಿಡುವುದನ್ನು ನೋಡಿದ ಮೇಲೆ ನನ್ನ ಜಂಬ ಇಳಿಯಿತು.

ನಿವಾಸದಲ್ಲಿ ಒಂದು ಪದ್ಧತಿಯಿತ್ತು. ಯಾತ್ರಿಕರು ತಾವು ಕಂಡುಕೊಂಡ ಉಪಾಯವನ್ನು ಹಲಗೆಗೆ ಕೊಡಬಹುದು, ಕೆಳಗೆ ಅವರ ಹೆಸರು, ಊರು ಬರೆಯಬೇಕು. ಅವರು ನಿವಾಸದಲ್ಲಿ ಇರುವವರೆಗೆ ಆ ಸಾಲನ್ನು ಯಾರೂ ಒರೆಸಬಾರದು. ಬಡವರಿಗೆ ಈ ಊರಿನಲ್ಲಿ ಮರ್ಯಾದೆ ಸಿಗುವ ಜಾಗ ಇದೊಂದೇ, ಅದನ್ನೂ ಒರೆಸುವುದು ಬೇಡ ಎಂದು ದೂಮಣ್ಣ ಹೇಳುತ್ತಿದ್ದರು.

ಒಂದು ವರ್ಷ ಮುಧೋಳದಿಂದ ಗುರುಪಾದಪ್ಪ ಎಂಬ ನಿವೃತ್ತ ಪೋಸ್ಟ್‌ಮ್ಯಾನ್ ಬಂದರು. ಗಂಟಲ ಕಾಯಿಲೆ. ಬಂದ ವಾರವೇ ಆಸ್ಪತ್ರೆಯ ಸುತ್ತ ಇರುವ ಗಲ್ಲಿಗಳನ್ನೆಲ್ಲ ಅಲೆದು ಅವರೊಂದು ದಾರಿ ಪತ್ತೆಮಾಡಿದರು. ರೋಗಿಗಳನ್ನು ನೋಡಲು ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ಬಿಡುತ್ತಿದ್ದರು. ಮುಂದಿನ ಗೇಟಿನಲ್ಲಿ ಸಾಲು ನಿಂತರೆ ಒಳಗೆ ಹೋಗುವಷ್ಟರಲ್ಲಿ ಅರ್ಧ ತಾಸು ಕಳೆಯುತ್ತಿತ್ತು. ಗುರುಪಾದಪ್ಪನವರು ತಾವೇ ಸೀಮೆಸುಣ್ಣ ಹಿಡಿದು ನನ್ನ ನೆತ್ತಿಯ ಮೇಲೆ ದುಂಡಗೆ ಬರೆದರು: "ಹಿಂದಿನ ಗೇಟು ನಾಲ್ಕಕ್ಕೆ ತೆರೆಯುತ್ತದೆ. ಸಾಲು ಇಲ್ಲ. ನೇರ ವಾರ್ಡಿಗೆ ಹೋಗಬಹುದು." ಎಷ್ಟು ಜನ ಅವರ ಕೈ ಮುಟ್ಟಿ ನಮಸ್ಕಾರ ಮಾಡಿದರೋ!

ಮುಂದೆ ಅವರ ಗಂಟಲಿಗೆ ಆಪರೇಷನ್ ಆಗಿ ಮಾತು ಹೋಯಿತು. ನಡೆಯುವ ಶಕ್ತಿಯೂ ಕುಗ್ಗಿತು. ಅವರು ದಿನಾ ಮೆಟ್ಟಿಲ ಮೇಲೆ ಕೂತು, ಜನ ತಮ್ಮ ಸಾಲು ಓದುವುದನ್ನು ನೋಡುತ್ತಿದ್ದರು. ಅವರ ಮಾತು ಉಳಿದದ್ದು ನನ್ನ ಮೇಲೆ ಮಾತ್ರ.

ಎರಡು ತಿಂಗಳ ಮೇಲೆ ಆಸ್ಪತ್ರೆಯ ಹಿತ್ತಲಲ್ಲಿ ಕಟ್ಟಡದ ಕೆಲಸ ಶುರುವಾಗಿ ಆ ಗೇಟನ್ನು ಮುಚ್ಚಿದರು. ದೂಮಣ್ಣ ಡಸ್ಟರ್ ಎತ್ತಿಕೊಂಡು ಬಂದರು. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಗುರುಪಾದಪ್ಪನವರು. ಡಸ್ಟರ್ ಹಾಗೇ ಕೆಳಗಿಳಿಯಿತು. ಅಂದಿನಿಂದ ದೂಮಣ್ಣ ಬಾಗಿಲಲ್ಲೇ ನಿಂತು, ಓದಬಲ್ಲ ಒಬ್ಬೊಬ್ಬರ ಕಿವಿಯಲ್ಲೂ ಮೆಲ್ಲಗೆ, "ಆ ಮೇಲಿನ ಸಾಲು ಬಿಡಿ ಮಾರಾಯ್ರೆ, ಮುಂದಿನ ಗೇಟಿಗೇ ಹೋಗಿ ಆಯ್ತಾ" ಎನ್ನುತ್ತಿದ್ದರು. ನನಗೂ ಅದು ಒಳ್ಳೆಯತನವೆಂದೇ ಕಂಡಿತ್ತು.

ಆ ದಿನಗಳಲ್ಲೇ ರೋಣದ ಕಡೆಯಿಂದ ಕಸ್ತೂರವ್ವ ಬಂದಳು. ಗಂಡ ಫಕೀರಪ್ಪ ಗಂಡಸರ ವಾರ್ಡಿನಲ್ಲಿದ್ದ. ಅಲ್ಲಿ ಹೆಂಗಸರು ಉಳಿಯುವಂತಿರಲಿಲ್ಲ. ದಿನಕ್ಕೆ ಒಂದು ತಾಸು ಮಾತ್ರ ಭೇಟಿ, ಅದರಲ್ಲೂ ಅರ್ಧ ಮುಂದಿನ ಗೇಟಿನ ಸಾಲಿಗೇ ಹೋಗುತ್ತಿತ್ತು. ಆ ಒಂದು ತಾಸಿಗಾಗಿ ಅವಳು ಉಳಿದ ಇಪ್ಪತ್ತಮೂರು ತಾಸು ಬದುಕುತ್ತಿದ್ದಳು. ಗಂಡ ಅವಳಿಗೆ, "ನಾ ಹೋಗೂ ಮುಂದ ನೀ ಬಾಜೂಕ ಇರಬೇಕು ನೋಡು" ಎಂದಿದ್ದನಂತೆ. ಪಕ್ಕದ ಮಂಚದವಳಿಗೆ ಅವಳು ಅದನ್ನು ಹೇಳುವಾಗ ಕೇಳಿಸಿಕೊಂಡೆ.

ಕಸ್ತೂರವ್ವನಿಗೆ ಓದು ಬರುವುದಿಲ್ಲವೆಂದು ದೂಮಣ್ಣ ತಿಳಿದಿದ್ದರು. ಬಂದ ದಿನ ಅವಳು ದಫ್ತರದಲ್ಲಿ ಹೆಬ್ಬೆಟ್ಟು ಒತ್ತಿದ್ದಳು. ಅದಕ್ಕೇ ಅವಳ ಕಿವಿಯಲ್ಲಿ ಅವರು ಏನೂ ಹೇಳಲಿಲ್ಲ. ಆದರೆ ಊರಿನ ಅಕ್ಷರ ಕಲಿಕೆಯ ವರ್ಗದಲ್ಲಿ ಅವಳು ಅರ್ಧ ಓದು ಕಲಿತಿದ್ದಳು. ಅದು ಗೊತ್ತಿದ್ದದ್ದು ನನಗೊಬ್ಬನಿಗೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವಳು ಬಂದು ನನ್ನ ಮುಂದೆ ನಿಲ್ಲುತ್ತಿದ್ದಳು. ಬೆರಳಿಟ್ಟು, ತುಟಿ ಅಲ್ಲಾಡಿಸಿ, ಕೆಳಗಿನ ಸಾಲಿನಿಂದ ಶುರುಮಾಡುತ್ತಿದ್ದಳು. ಮೊದಲ ದಿನ "ಚಹಾ" ಓದಿದಳು. ನಾಲ್ಕನೇ ದಿನ "ಸಮುದ್ರ". ಒತ್ತಕ್ಷರ ದಾಟಿದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾನೇ ನಕ್ಕಳು. ಎಷ್ಟೋ ವರ್ಷದ ಮೇಲೆ ನನಗೊಬ್ಬಳು ವಿದ್ಯಾರ್ಥಿನಿ ಸಿಕ್ಕಿದ್ದಳು. ನನ್ನ ಸಂತೋಷ ನಿಮಗೆ ಹೇಗೆ ಹೇಳಲಿ.

ಮೂರನೆಯ ವಾರ, ಒಂದು ಬುಧವಾರ, ಆಸ್ಪತ್ರೆಯಿಂದ ಬಂದ ಯಾರೋ ಫಕೀರಪ್ಪನಿಗೆ ಉಸಿರಾಟ ಜೋರಾಗಿದೆ ಎಂದು ಸುದ್ದಿ ತಂದರು. ದೂಮಣ್ಣ ಬಾಗಿಲಲ್ಲಿರಲಿಲ್ಲ. ಗುರುಪಾದಪ್ಪನವರ ತಪಾಸಣೆಯಿತ್ತು, ಅವರನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿದ್ದರು. ಮೂರೂವರೆಗೆ ಕಸ್ತೂರವ್ವ ಚೀಲ ಹಿಡಿದು ಕೆಳಗಿಳಿದಳು. ಓಡುತ್ತ ಹೋಗಬೇಕಾದವಳು ನನ್ನ ಮುಂದೆ ತಡೆದು ನಿಂತಳು. ಅವಳ ಬೆರಳು ನನ್ನ ನೆತ್ತಿಗೆ ಹೋಯಿತು.

"ಹಿಂ... ದಿ... ನ... ಗೇಟು." ತಪ್ಪಿಲ್ಲದೆ ಓದಿದಳು. "ಸಾಲು ಇಲ್ಲ" ಎಂಬಲ್ಲಿ ಅವಳ ಕಣ್ಣು ಹೊಳೆದವು. ಮತ್ತೊಮ್ಮೆ ಓದಿ ಖಾತ್ರಿ ಮಾಡಿಕೊಂಡಳು. ನಾಚಿಕೆಯಿಲ್ಲದೆ ಹೇಳುತ್ತೇನೆ, ಮೊದಲು ನನಗೆ ಹೆಮ್ಮೆಯಾಯಿತು. ಹೆದರಿಕೆ ಆಮೇಲೆ ಬಂತು. ಅಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು. ಸಾವಿರ ಮಾತು ಹೊತ್ತವನಿಗೆ ಒಂದು ಮಾತು ಆಡಲು ಬರಲಿಲ್ಲ.

ಅಲ್ಲಿ ಆದದ್ದನ್ನು ಆಮೇಲೆ ಅವಳ ಬಾಯಿಂದಲೇ ಕೇಳಿದೆ. ಗೇಟು ಮುಚ್ಚಿತ್ತು. ನಾಲ್ಕಾಗಿರಲಿಕ್ಕಿಲ್ಲ ಎಂದು ಕಾದಳು. ಗೇಟಿನ ಮೇಲೊಂದು ತಗಡು ಇತ್ತು, ಅದರ ಮೇಲೆ ಬರೆದದ್ದು ಮರಾಠಿ. ಕೈಗಾಡಿಯ ತರಕಾರಿಯವನನ್ನು ಸನ್ನೆಯಲ್ಲಿ ಕೇಳಿದಳು. ಅವನು ಕೈ ಅಲ್ಲಾಡಿಸಿದ. ಕಾಯಬೇಕು ಎಂದನೆಂದು ಅವಳು ತಿಳಿದಳು. ತನ್ನ ಭಾಷೆಯಲ್ಲಿ, ತನ್ನವರು ಬರೆದದ್ದನ್ನು ತಾನೇ ಓದಿ ಬಂದಿದ್ದಾಳೆ, ತೆರೆಯದೆ ಎಲ್ಲಿ ಹೋಗುತ್ತದೆ? ಬಿಸಿಲಿನಲ್ಲಿ ಚೀಲ ಅಪ್ಪಿಕೊಂಡು ಕೂತಳು. ಎಲ್ಲೋ ಗಡಿಯಾರ ಐದು ಹೊಡೆದಾಗ ಎದ್ದು ಮುಂದಿನ ಗೇಟಿಗೆ ಓಡಿದಳು. ಫಕೀರಪ್ಪ ನಾಲ್ಕೂ ನಲವತ್ತಕ್ಕೆ ತೀರಿಕೊಂಡಿದ್ದ. ಬಾಗಿಲ ಕಡೆಗೇ ಮುಖ ಮಾಡಿದ್ದನಂತೆ.

ಸಂಜೆ ಅವಳು ನಿವಾಸಕ್ಕೆ ಬಂದಾಗ ದೂಮಣ್ಣ, ಗುರುಪಾದಪ್ಪ ಇಬ್ಬರೂ ಕೆಳಗೇ ಇದ್ದರು. ಅವಳು ಅಳಲಿಲ್ಲ, ಬೈಯಲಿಲ್ಲ. ನೆಟ್ಟಗೆ ನನ್ನ ಮುಂದೆ ಬಂದು ನಿಂತು ಬೆರಳು ತೋರಿಸಿದಳು.

"ಅಣ್ಣಾ, ಇದರಾಗ ನಾ ಎಲ್ಲಿ ತಪ್ಪ ಓದೀನಿ, ಒಂದೀಟು ನೋಡಿ ಹೇಳ್ರಿ."

ದೂಮಣ್ಣನ ಮುಖ ಸುಣ್ಣವಾಯಿತು. ಅವರಿಗೆ ಎಲ್ಲವೂ ಅರ್ಥವಾಗಿತ್ತು. "ನೀವು ಓದಿದ್ದು ಸರಿಯೇ ಉಂಟು ಅಕ್ಕಾ. ಆ ಗೇಟು ಮುಚ್ಚಿ ಒಂದು ತಿಂಗಳಾಯ್ತು. ಒರೆಸದೆ ಬಿಟ್ಟದ್ದು ನಾನು. ತಪ್ಪು ನನ್ನದು" ಎಂದು ಕೈ ಮುಗಿದರು.

ಕಸ್ತೂರವ್ವ ತಲೆಯಾಡಿಸಿದಳು. "ನನ್ನ ಸಮಾಧಾನಕ್ಕ ಹಂಗ ಅಂತೀರಿ. ಬರದದ್ದು ಎಲ್ಲ್ಯಾರ ಸುಳ್ಳ ಆಗತೈತೇನ್ರಿ? ಓದೋರ್ದ ತಪ್ಪ. ಅರಬರ ಕಲತು ಶ್ಯಾಣ್ಯಾಕಿ ಆಗಾಕ ಹೋದ್ನಿ. ಅವರು ದಾರಿ ನೋಡಿ ನೋಡಿ ಹೋದ್ರು."

ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಗುರುಪಾದಪ್ಪನವರು ಮೆಟ್ಟಿಲ ಕಟಕಟೆ ಹಿಡಿದು ಎದ್ದರು. ಗೇಟು ಮುಚ್ಚಿದ್ದು ಅವರಿಗೂ ತಿಳಿದದ್ದು ಆಗಲೇ. ಬಂದು ತಮ್ಮ ಅಂಗೈಯಿಂದಲೇ ಆ ಸಾಲನ್ನು ಒರೆಸಿದರು. ಏನೋ ಹೇಳಲು ಬಾಯಿ ತೆರೆದರು, ಗಾಳಿ ಮಾತ್ರ ಬಂತು. ನನ್ನ ಬಾಳಿನಲ್ಲಿ ನಾನು ಕಂಡ ಅತ್ಯಂತ ಕೆಟ್ಟ ಗಳಿಗೆ ಅದು.

ಎರಡು ದಿನ ಬಿಟ್ಟು ಅವಳು ಊರಿಗೆ ಹೊರಟಳು. ಟಿಕೀಟು ಕೈಯಲ್ಲಿತ್ತು. ದೂಮಣ್ಣ, "ರೈಲಿನ ಡಬ್ಬಿ ನಂಬರ್ ಕನ್ನಡದಲ್ಲಿ ಬರೆದಿದ್ದೇನೆ, ನೋಡಿಕೊಳ್ಳಿ" ಎಂದರು. ಅವಳು ಅದನ್ನು ನೋಡದೆಯೇ ಅವರ ಕಡೆ ಚಾಚಿ, "ನೀವ ಓದಿ ಹೇಳ್ರಿ, ನನಗ ಓದಾಕ ಬರೂದಿಲ್ಲ" ಎಂದಳು. ಹೊರಡುವಾಗ ನನ್ನ ಮುಂದೆ ಬಂದರೂ ಕಣ್ಣೆತ್ತಲಿಲ್ಲ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ವಾರ ಗುರುಪಾದಪ್ಪನವರು ಒಂದು ಪೋಸ್ಟ್ ಕಾರ್ಡು ತರಿಸಿ, ದಿನವಿಡೀ ಕೂತು, ಮಕ್ಕಳ ಪಾಠದ ಹಾಗೆ ಬಿಡಿಬಿಡಿಯಾಗಿ ದೊಡ್ಡ ಅಕ್ಷರದಲ್ಲಿ ಬರೆದರು: "ತಂಗಿ, ನೀನು ಓದಿದ್ದು ಸರಿ. ನಾನು ಬರೆದದ್ದು ತಪ್ಪು." ಒತ್ತಕ್ಷರ ಕಡಿಮೆ ಬರುವ ಹಾಗೆ ಮೂರು ಸಲ ತಿದ್ದಿ, ನನ್ನ ಮೇಲೆ ಮೊದಲು ಬರೆದು ನೋಡಿ, ಆಮೇಲೆ ಕಾರ್ಡಿಗೆ ಇಳಿಸಿದರು. ದೂಮಣ್ಣ ಅದನ್ನು ಅಂಚೆ ಡಬ್ಬಕ್ಕೆ ಹಾಕಿಬಂದರು. ಮರು ಮಳೆಗಾಲಕ್ಕೆ ಗುರುಪಾದಪ್ಪನವರು ತೀರಿಕೊಂಡರು. ಉತ್ತರ ಬರಲಿಲ್ಲ.

ಸಾಲು ಒರೆಸದೆ ಇಡುವ ಆ ಪದ್ಧತಿಯನ್ನು ದೂಮಣ್ಣ ಬಿಟ್ಟರು. ದಿನಾ ಬೆಳಿಗ್ಗೆ ಇಡೀ ಹಲಗೆ ಒರೆಸಿ, ಪ್ರತಿಯೊಂದನ್ನೂ ವಿಚಾರಿಸಿ ಬರೆಯತೊಡಗಿದರು. ಬರುಬರುತ್ತ ಜನರ ಕೈಗೆ ಫೋನು ಬಂತು. ದಾರಿ, ರೈಲು, ಊಟ ಎಲ್ಲ ಅದೇ ಹೇಳುತ್ತದೆ. ದೂಮಣ್ಣ ನಿವೃತ್ತರಾಗಿ ಕಾಪುವಿಗೆ ಹೋದರು. ಈಗ ನಾನು ಅಡುಗೆಮನೆಯ ಹಿಂದೆ, ಗ್ಯಾಸ್ ಸಿಲಿಂಡರುಗಳ ಪಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದೇನೆ. ಒಂದು ಮೂಲೆಗೆ ಗೆದ್ದಲು ಹತ್ತಿದೆ. ಅದರ ಬಗ್ಗೆ ನನಗೆ ದೊಡ್ಡ ದುಃಖವೇನಿಲ್ಲ.

ಓದು ಕಲಿಸುವುದಕ್ಕೆಂದು ಹುಟ್ಟಿದವನು ನಾನು. ನನ್ನೆದುರು ಕಲಿತವರು ನೂರಾರು ಜನ. ಕಲಿತದ್ದನ್ನು ನನ್ನಿಂದಾಗಿ ಬಿಟ್ಟವಳು ಅವಳೊಬ್ಬಳು. ರೋಣದ ಆ ಮನೆಗೆ ಕಾರ್ಡು ಮುಟ್ಟಿದ ದಿನ ಅವಳು ಅದನ್ನು ಯಾರ ಕೈಗಾದರೂ ಕೊಟ್ಟು ಓದಿಸಿದಳೋ, ಇಲ್ಲ ಬೆರಳಿಟ್ಟು ತಾನೇ ಓದಿದಳೋ? ಅಷ್ಟು ತಿಳಿದರೆ ಸಾಕಿತ್ತು ನನಗೆ.